ಉಪ್ಪು ಹಿಡಿದ ಮೀನು

ನಮ್ಮ ಊರಿನ ಸಮುದ್ರ ಮನೆಗಳ ಒಳಗಿದೆ. ಹೊರಗೆ, ಹಳೆಯ ಬಂದರಿನ ಆಚೆ ಇರುವುದು ಬರೀ ಮರಳು. ಅಲ್ಲಿ ಹೆಂಗಸರು ಸೀರೆ ಒಣಗಿಸುತ್ತಾರೆ, ಬೋರಲು ಹಾಕಿದ ದೋಣಿಗಳ ಅಡಿಯಲ್ಲಿ ಕೋಳಿಗಳು ಕಾವಿಗೆ ಕೂರುತ್ತವೆ. ನೀರೆಲ್ಲ ಮನೆಮನೆಯ ಜಗಲಿಯಲ್ಲಿ, ಗಾಜಿನ ತೊಟ್ಟಿಗಳಲ್ಲಿದೆ. ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ, ನಾಲ್ಕು ಬೆರಳು ಏರಿ ಮತ್ತೆ ಇಳಿಯುತ್ತದೆ. ಆ ಹೊತ್ತಿಗೆ ತೊಟ್ಟಿಯ ಅಂಚಿನಲ್ಲಿಟ್ಟ ಕನ್ನಡಕ, ಬೀಗದ ಕೈ, ವೀಳ್ಯದ ತಟ್ಟೆ ಎಲ್ಲ ಎತ್ತಿಡಬೇಕು. ಹುಣ್ಣಿಮೆಗೆ ಒಂದು ಚಾಪೆ ನೆನೆಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. "ನಿಮ್ಮಲ್ಲಿ ಇಳಿತ ಆಯ್ತಾ?" ಎಂದು ಕೇಳುವುದು ನಮ್ಮಲ್ಲಿ "ಊಟ ಆಯ್ತಾ?" ಎಂದು ಕೇಳಿದ ಹಾಗೆ.

ಹೆಣ್ಣು ಕೊಡುವವರು ಮೀನನ್ನೂ ಕೊಡುತ್ತಾರೆ. ಮದುಮಗಳು ತವರಿನ ತೊಟ್ಟಿಯ ಒಂದು ಮೀನನ್ನು ಕೊಡಪಾನದಲ್ಲಿ ಸೊಂಟಕ್ಕಿಟ್ಟು ತಂದು ಗಂಡನ ಮನೆಯ ಸಮುದ್ರಕ್ಕೆ ಬಿಡುತ್ತಾಳೆ. ಅದು ಬದುಕಿರುವಷ್ಟು ಕಾಲ ಅವಳು ಈ ಮನೆಯವಳು. ಸತ್ತರೆ, ಇನ್ನೊಂದು ಮೀನು ತರಲು ತವರಿಗೆ ಹೋಗಬೇಕು. ಯಾರೂ ಹೋಗೆಂದು ಅಟ್ಟುವುದಿಲ್ಲ, ಜಗಳವೂ ಇರುವುದಿಲ್ಲ, ಅದು ಪದ್ಧತಿ ಅಷ್ಟೆ. ಸೊಸೆ ಬಂದ ಮನೆಯಲ್ಲಿ ಅತ್ತೆಯ ಮೀನು ಸತ್ತರೆ ಮಾತ್ರ ಲೆಕ್ಕಕ್ಕಿಲ್ಲ. ಕೆಲವರು ಮರುವಾರವೇ ಮೀನಿನೊಂದಿಗೆ ಬಂದುಬಿಡುತ್ತಾರೆ. ಇನ್ನು ಕೆಲವರ ಅಪ್ಪಂದಿರಿಗೆ ಸರಿಯಾದ ಮೀನು ಬೇಗ ಸಿಗುವುದಿಲ್ಲ. ನಮ್ಮ ಬೀದಿಯ ಕೊನೆಯ ಮನೆಯ ಸೊಸೆ ಮೀನು ತರಲು ಹೋದಾಗ ಅವಳ ಮಗ ಅಂಬೆಗಾಲಿಡುತ್ತಿದ್ದ; ಈಗ ಅವನು ಮೀಸೆ ತಿರುವುತ್ತಾನೆ. ಆಕೆ ಇನ್ನೂ ಮೀನು ಹುಡುಕುತ್ತಿದ್ದಾಳೆ.

ನನ್ನ ಹೆಂಡತಿ ಸುಗಂಧಿ ತಂದದ್ದು ಅಂಗೈಯಗಲದ ಹಳದಿ ಮೀನು, ಮೈಮೇಲೆ ಎರಡು ಕಪ್ಪು ಪಟ್ಟೆ. ತವರಿನದಾದ್ದರಿಂದ ಅವಳು ಅದನ್ನು ತಮ್ಮ ಎಂದು ಕರೆಯುತ್ತಿದ್ದಳು. ಹಾಗಾಗಿ ನನಗೆ ಅದು ಭಾವಮೈದುನ. ಎದುರಾದಾಗ ತಲೆಯಾಡಿಸುವಷ್ಟು ಮಾತ್ರ ಸಲಿಗೆ. ಸುಗಂಧಿಗೆ ಮಾತು ಬೇಕು. ನನಗೆ ಬೇಡ. ನಾನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು, ಊರಿನ ವಾಚನಾಲಯದಲ್ಲಿ ಕೆಲಸ, ಮಾತಾಡುವವರಿಗೆ ಗೋಡೆಯ ಮೇಲಿನ ಬೋರ್ಡು ತೋರಿಸುವುದು ನನ್ನ ಮುಖ್ಯ ಕರ್ತವ್ಯ. ಸಂಬಳಕ್ಕೆ ಸುಮ್ಮನಿರುವವನು ಮನೆಗೆ ಬಂದು ಬಿಟ್ಟಿಯಾಗಿ ಮಾತಾಡುತ್ತಾನೆಯೇ? ಅವಳು ಏನಾದರೂ ಕೇಳಿದರೆ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಹಾಗೆ ನೋಡುವುದರಲ್ಲಿ ಏನೋ ಆಳ ಇದೆಯೆಂದು ನಾನು ತಿಳಿದಿದ್ದೆ. ಅವಳು ಮಾತನ್ನು ಅರ್ಧದಲ್ಲಿ ನನ್ನಿಂದ ತೆಗೆದುಕೊಂಡು ತೊಟ್ಟಿಯ ಕಡೆ ತಿರುಗಿಸಿ, ಉಳಿದದ್ದನ್ನು ತಮ್ಮನಿಗೆ ಹೇಳಿ ಮುಗಿಸುತ್ತಿದ್ದಳು. ಮೀನು ಗಾಜಿನ ಹತ್ತಿರ ಬಂದು ಬಾಯಿ ಆಡಿಸುತ್ತಿತ್ತು. ಅಷ್ಟಾದರೂ ನಾನು ಆಡಿಸಬಹುದಿತ್ತು.

ಆ ಮೀನು ಒಂದು ದಿನ ಊಟ ಬಿಟ್ಟಿತು. ಸಿಗಡಿಯ ಚೂರು ಮೂಗಿನ ಮುಂದೆ ತೇಲಿಹೋದರೂ ಕಣ್ಣೆತ್ತಲಿಲ್ಲ. ಕಲ್ಲಿನ ಹಿಂದೆ ಹೋಗಿ ನಿಂತಿತು. ಆಗಾಗ ಹೊರಗೆ ಬಂದು ಕಲ್ಲಿಗೆ ಮೈ ಉಜ್ಜಿ ಮತ್ತೆ ಮೂಲೆ ಸೇರುತ್ತಿತ್ತು. ನನಗೆ ಗಾಬರಿಯಾಗಬೇಕಿತ್ತು, ಆದದ್ದು ಸಂತೋಷ. ಈ ಮನೆಯಲ್ಲಿ ಕೊನೆಗೂ ನನ್ನ ಜಾತಿಯವನೊಬ್ಬ ಸಿಕ್ಕಿದ ಎನಿಸಿತು. ಅದು ಅಂತರ್ಮುಖಿಯಾಗಿದೆ, ಅದನ್ನು ಅದರ ಪಾಡಿಗೆ ಬಿಡೋಣ ಎಂದು ಸುಗಂಧಿಗೆ ಹೇಳಿದೆ. ಬಹುಶಃ ಆ ವಾರದಲ್ಲಿ ನಾನು ಅವಳಿಗೆ ಹೇಳಿದ ಅತಿ ಉದ್ದದ ವಾಕ್ಯ ಅದು.

"ಅಂತರ್ಮುಖಿ ಆದವರು ಊಟ ಬಿಡ್ತಾರಾ?" ಎಂದಳು ಅವಳು. "ನೀವು ಯಾವತ್ತು ಬಿಟ್ಟಿದ್ದೀರಿ?"

ಎರಡು ದಿನದಲ್ಲಿ ಸುದ್ದಿ ಊರಿಗೆಲ್ಲ ಹಬ್ಬಿತು, ಜನ ಬರತೊಡಗಿದರು. ಮೀನಿಗೆ ಹುಷಾರಿಲ್ಲದ ಮನೆಗೆ ನಮ್ಮಲ್ಲಿ ಬರಿಗೈಯಲ್ಲಿ ಹೋಗುವ ಹಾಗಿಲ್ಲ. ತಮ್ಮ ಅಡುಗೆಮನೆಯಿಂದ ಚಿಟಿಕೆ ಉಪ್ಪು ಎಲೆಯಲ್ಲಿ ಕಟ್ಟಿ ತಂದು, ತೊಟ್ಟಿಗೆ ಹಾಕಿ, ಎರಡು ಒಳ್ಳೆಯ ಮಾತಾಡಿ, ಚಹಾ ಕುಡಿದು ಹೋಗುತ್ತಾರೆ. ಯಾರ ಮನೆಗೆ ಹೆಚ್ಚು ಉಪ್ಪು ಬಂತೋ ಅವರು ಊರಿಗೆ ಬೇಕಾದವರು. ನನ್ನನ್ನು ನೋಡಲೆಂದು ಯಾರೂ ಬರುವುದಿಲ್ಲ. ಅದು ನನಗೆ ಗೊತ್ತು, ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಆದರೆ ನನ್ನ ಅಮ್ಮ ಊರಿನ ಅರ್ಧದಷ್ಟು ಬಾಣಂತಿಯರಿಗೆ ಎಣ್ಣೆನೀರು ಹಾಕಿದವಳು. ಬೆಳಗಿನ ಇಳಿತಕ್ಕೆ ಶುರುವಾದ ಸಾಲು ಸಂಜೆಯ ಉಬ್ಬರದವರೆಗೂ ಮುಗಿಯುತ್ತಿರಲಿಲ್ಲ. ಅಮ್ಮ ಬಾಗಿಲಲ್ಲೇ ಕುರ್ಚಿ ಹಾಕಿ ಕೂತು, ಸೊಸೆಯ ಮೀನಿನ ಮೇಲೆ ಊರಿಗೆ ಇಷ್ಟು ಪ್ರೀತಿಯಿದೆಯೆಂದು ಕಣ್ಣೊರೆಸಿಕೊಂಡಳು. ನಾನು ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಪುಸ್ತಕ ಹಿಡಿದೆ.

ನಾಲ್ಕನೆಯ ದಿನ ಪಕ್ಕದ ಮನೆಯ ಅಪ್ಪಿಯಕ್ಕ ಗಾಜಿಗೆ ಮೂಗು ಒತ್ತಿ ನೋಡಿ, ಎಲ್ಲರನ್ನೂ ಕೈಬೀಸಿ ಕರೆದಳು. ಮೀನಿನ ರೆಕ್ಕೆಗಳ ಮೇಲೆ, ಬಾಲದ ಮೇಲೆ, ಬೆನ್ನಿನ ಮೇಲೆ ಬಿಳಿಯ ಸಣ್ಣ ಹರಳು ಹರಳಾಗಿ ಏನೋ ಅಂಟಿಕೊಂಡಿತ್ತು. "ಉಪ್ಪು ಹಿಡಿದಿದೆ," ಎಂದಳು ಅಪ್ಪಿಯಕ್ಕ. ಊರಿನವರ ಉಪ್ಪನ್ನು ಮೀನು ಮೈಮೇಲೆ ತೆಗೆದುಕೊಂಡಿತು, ಇನ್ನು ಹೆದರಿಕೆಯಿಲ್ಲ ಎಂದು ಅದರ ಅರ್ಥ. ಅಮ್ಮ ಬೆಲ್ಲ ಕಾಯಿ ಹಂಚಿದಳು. ಬಂದವರು ತಮ್ಮ ತಮ್ಮ ಉಪ್ಪು ಮೀನಿನ ಯಾವ ಭಾಗಕ್ಕೆ ಹಿಡಿದಿರಬಹುದೆಂದು ಚರ್ಚಿಸಿದರು. ಬೆನ್ನಿನ ಮೇಲಿನ ಸಾಲು ತನ್ನದೇ ಎಂದು ಒಬ್ಬರು ಹೇಳಿದಾಗ ಇನ್ನೊಬ್ಬರ ಮುಖ ಸಣ್ಣದಾಯಿತು. ನನಗೂ ಆ ಹರಳುಗಳು ಚೆನ್ನಾಗಿ ಕಂಡವು. ಕತ್ತಲೆಯಲ್ಲಿ ಚದುರಿದ ನಕ್ಷತ್ರ ಎಂದೇನೋ ಮನಸ್ಸಿನಲ್ಲೇ ಒಂದು ವಾಕ್ಯ ಮಾಡಿಕೊಂಡೆ. ಅಂಥ ವಾಕ್ಯ ಮಾಡುವುದರಲ್ಲಿ ನಾನು ಬಹಳ ಚುರುಕು.

ಸುಗಂಧಿ ಬೆಲ್ಲ ತಿನ್ನಲಿಲ್ಲ. ಮೀನಿನ ಕಿವಿರು ಓಡಿಬಂದವರ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಆ ಸಂಜೆ ಮಂಚದ ಕೆಳಗಿನಿಂದ ತನ್ನ ಕೊಡಪಾನ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿಸಿಟ್ಟಳು. ಏಕೆಂದು ನಾನು ಕೇಳಲಿಲ್ಲ. ಕೇಳದೆಯೇ ಗೊತ್ತಾಯಿತು. ಮೀನು ತರಲು ಹೋಗುವವಳು ಖಾಲಿ ಕೊಡಪಾನ ಹಿಡಿದೇ ಹೋಗಬೇಕು. ಅವಳು ಹೋದರೆ ಮರುವಾರ ಬರುವವಳೋ, ಅಥವಾ ಅವಳ ಅಪ್ಪನಿಗೆ ಮೀನು ಸಿಗದೆ ಹೋಗುತ್ತದೋ? ನನ್ನಂಥವನ ಮನೆಗೆ ವಾಪಸು ಬರಲು ಅವಳಿಗೆ ಯಾವ ಕಾರಣವಿದೆ ಎಂದು ಯೋಚಿಸಿದೆ. ಒಂದೂ ಹೊಳೆಯಲಿಲ್ಲ. ಎಂ.ಎ.ಯ ಪರೀಕ್ಷೆಯಲ್ಲಿ ಕೂಡ ನಾನು ಇಷ್ಟು ಖಾಲಿ ಹಾಳೆ ಕೊಟ್ಟವನಲ್ಲ.

ಮಾರನೆಯ ದಿನ ಗಂಜಿ ಊಟಕ್ಕೆ ಕೂತಾಗ ಅಮ್ಮ ನನ್ನ ಬಟ್ಟಲಿಗೆ ಚಿಟಿಕೆ ಉಪ್ಪು ಉದುರಿಸಿದಳು. ನಾನು ಎಂದಿನಂತೆ ಗಂಭೀರವಾಗಿ ಬಟ್ಟಲನ್ನು ನೋಡುತ್ತಿದ್ದೆ. ಹರಳುಗಳು ಗಂಜಿಯ ತಿಳಿಯ ಮೇಲೆ ಒಂದು ಕ್ಷಣ ನಿಂತು, ಕರಗಿ, ಇಲ್ಲವಾದವು. ನಾನು ಚಮಚ ಕೆಳಗಿಟ್ಟೆ. ಉಪ್ಪು ನೀರಿನಲ್ಲಿ ಕರಗುತ್ತದೆ. ಇದನ್ನು ನನ್ನ ಊರಿನ ಕೂಸುಗಳೂ ಬಲ್ಲವು. ಹಾಗಿದ್ದ ಮೇಲೆ ನೀರಿನೊಳಗೇ ಇರುವ ಮೀನಿನ ಮೈಮೇಲೆ ಉಪ್ಪಿನ ಹರಳು ಅಷ್ಟು ಹೊತ್ತು ನಿಲ್ಲುವುದಾದರೂ ಹೇಗೆ? ತರ್ಕಶಾಸ್ತ್ರದ ಎರಡು ಪತ್ರಿಕೆ ಬರೆದು ಪಾಸಾದ ನನಗೆ ಇದು ಹೊಳೆಯಲು ಒಂದು ಬಟ್ಟಲು ಗಂಜಿ ಬೇಕಾಯಿತು.

ಊಟ ಬಿಟ್ಟು ಎದ್ದು ಶೀನಪ್ಪ ಪಂಡಿತರ ಮನೆಗೆ ಹೋದೆ. ಊರಿನ ಮೀನುಗಳಿಗೆಲ್ಲ ಅವರೇ ವೈದ್ಯರು. ಆಗಲೇ ಒಮ್ಮೆ ಬಂದು ನಮ್ಮ ಮೀನನ್ನು ನೋಡಿ, ಚಹಾ ಕುಡಿದು, ದೇವರಿದ್ದಾನೆ ಎಂದು ಹೇಳಿ ಹೋಗಿದ್ದರು. ನನ್ನ ಗಂಜಿಯ ವಿಚಾರ ಹೇಳಿದಾಗ ಅವರು ಎದ್ದು ಕಿಟಕಿ ಮುಚ್ಚಿದರು. ಅದು ಉಪ್ಪಲ್ಲ, ಮೈಗೆ ಹತ್ತುವ ಒಂದು ಹುಳ, ಬರಿಗಣ್ಣಿಗೆ ಅಕ್ಕಿನುಚ್ಚಿನಷ್ಟು ಬಿಳಿ ಗಂಟು ಮಾತ್ರ ಕಾಣುತ್ತದೆ ಎಂದರು. ಗಂಟು ಒಡೆದು ತಳಕ್ಕೆ ಬಿದ್ದು, ಅಲ್ಲಿ ಮರಿಯಾಗಿ ಮತ್ತೆ ಮೀನಿಗೇ ಹತ್ತುತ್ತದೆ. ಸಮುದ್ರದ ಉಪ್ಪು ಅದಕ್ಕೆ ತವರು. ನೀರು ಸಪ್ಪೆಯಾದರೆ ಅದು ಬದುಕುವುದಿಲ್ಲ, ಆದರೆ ಮೆಲ್ಲಮೆಲ್ಲಗೆ ಸಪ್ಪೆ ಮಾಡಿದರೆ ಮೀನು ತಡೆದುಕೊಳ್ಳುತ್ತದೆ. ಊರಿನವರು ಮಾಡುತ್ತಿರುವುದು ಇದಕ್ಕೆ ಸರಿಯಾಗಿ ಉಲ್ಟಾ. ಊರಿಗೆ ಬೇಡದವರ ಮನೆಯ ಮೀನುಗಳೇ ಹೆಚ್ಚು ಗುಣವಾಗುವುದನ್ನು ತಾನು ಎಷ್ಟೋ ವರ್ಷದಿಂದ ಗಮನಿಸಿದ್ದೇನೆ ಎಂದೂ ಹೇಳಿದರು.

ಇಷ್ಟು ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಾನೂ ಇದೇ ಊರಲ್ಲಿ ಇರ್ಬೇಕಲ್ಲ ಚಿದಾನಂದರೆ," ಎಂದರು ಪಂಡಿತರು. "ಉಪ್ಪು ಹಾಕ್ಬೇಡಿ ಅಂತ ಹೇಳಿದ ಮೇಲೆ ನನ್ನ ಮನೆಗೆ ಯಾರು ಬರ್ತಾರೆ? ನಿಮ್ಮದಾದ್ರೆ ತೊಂದರೆ ಇಲ್ಲ. ನಿಮ್ಮನ್ನು ಹೇಗೂ ಯಾರೂ ಮಾತಾಡಿಸೋದಿಲ್ಲ."

ಅದು ನಿಜ. ಮಾಡಬೇಕಾದ್ದನ್ನು ಅವರು ಮೆಲ್ಲಗೆ ಹೇಳಿಕೊಟ್ಟರು. ಮೀನನ್ನು ಬೇರೆ ಟಬ್ಬಿಗೆ ಹಾಕಬೇಕು, ದೊಡ್ಡ ತೊಟ್ಟಿ ಮೀನಿಲ್ಲದೆ ಖಾಲಿ ಇರಬೇಕು, ಹುಳ ಅಲ್ಲಿ ಆಸರೆಯಿಲ್ಲದೆ ಸಾಯಬೇಕು. ಟಬ್ಬಿನ ನೀರಿಗೆ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಬಾವಿಯ ಸಿಹಿನೀರು, ಅಷ್ಟೇ ಹಳೆಯ ನೀರು ಹೊರಗೆ. ಉಸಿರಿಗೆಂದು ಆಗಾಗ ಚೊಂಬಿನಲ್ಲಿ ಮೊಗೆದು, ಚಹಾ ಆರಿಸುವ ಹಾಗೆ ಎತ್ತರದಿಂದ ಹೊಯ್ಯಬೇಕು. ಒಂದು ಹರಳು ಉಪ್ಪೂ ಬೀಳಬಾರದು. ತಾನು ಹೇಳಿದ್ದೆಂದು ಎಲ್ಲೂ ಬಾಯಿ ಬಿಡಬಾರದು.

ನಮ್ಮಲ್ಲಿ ಮೀನಿಗೆ ಸಿಹಿನೀರು ಬಿಡುವುದು ಒಂದೇ ಸಲ, ಅದು ಮಗುಚಿಕೊಂಡು ತೇಲುವಾಗ, ಇನ್ನು ಉಳಿಯುವುದಿಲ್ಲ ಎಂದಾದಾಗ. ಮನುಷ್ಯರ ಬಾಯಿಗೆ ತುಳಸಿನೀರು ಬಿಟ್ಟ ಹಾಗೆ. ಬದುಕಿರುವ ಮೀನಿಗೆ ದಿನಕ್ಕೆರಡು ಲೋಟ ಬಿಡುವುದೆಂದರೆ ಅದರ ಎದುರೇ ಅದರ ಬೊಜ್ಜ, ಉತ್ತರಕ್ರಿಯೆ, ಮಾಡಿ ಮುಗಿಸಿದಂತೆ.

ಸುಗಂಧಿಗೆ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ವಿಷಯಕ್ಕಿಂತ ಹೆಚ್ಚಾಗಿ ನಾನು ಅಷ್ಟು ಮಾತಾಡಿದ್ದಕ್ಕಿರಬೇಕು. ಆಮೇಲೆ ಬಟ್ಟೆ ನೆನೆಸುವ ನೀಲಿ ಟಬ್ಬನ್ನು ಹೊರಗೆ ತಂದಳು. ನಾನು ತೊಳೆದೆ. ಸೋಪಿನ ವಾಸನೆ ಇನ್ನೂ ಇದೆಯೆಂದು ಅವಳು ಮತ್ತೆ ತೊಳೆದಳು. ತೊಟ್ಟಿಯ ಸಮುದ್ರದ ನೀರನ್ನೇ ಮೊಗೆದು ತುಂಬಿ, ಮೀನನ್ನು ಹಳೆಯ ಪಂಚೆಯಲ್ಲಿ ಬಳಸಿ ಹಿಡಿದು ಟಬ್ಬಿಗೆ ಬಿಟ್ಟೆವು. ಮೊದಲ ಲೋಟ ಸಿಹಿನೀರು ನಾನೇ ಹೊಯ್ದೆ. ಅಮ್ಮ ಅಡುಗೆಮನೆಯಿಂದ ನೋಡಿ, ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಎಂತ ಮಾಡ್ತಾ ಇದ್ದಿ ಮಗಾ? ಅದು ಇನ್ನೂ ಬದುಕಿದೆ," ಎಂದಳು.

ಅಂದಿನಿಂದ ಬಾಗಿಲಲ್ಲಿ ಕುರ್ಚಿ ಹಾಕಿ ಕೂತವನು ನಾನು. ಉಪ್ಪಿನ ಪೊಟ್ಟಣ ಹಿಡಿದು ಬಂದವರನ್ನೆಲ್ಲ ಹಿಂದೆ ಕಳಿಸಿದೆ. ವಾಚನಾಲಯದ ಅನುಭವ ಇಲ್ಲಿ ಸ್ವಲ್ಪ ಉಪಯೋಗಕ್ಕೆ ಬಂತು, ಬೋರ್ಡು ಮಾತ್ರ ಇರಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಅಮ್ಮ ಹಿಂದಿನಿಂದ ಕೂಗಿ, ಖಾಲಿ ತೊಟ್ಟಿಗಾದರೂ ಹಾಕಿ ಹೋಗಿ ಎಂದಳು. ಖಾಲಿ ತೊಟ್ಟಿಗೆ ಉಪ್ಪು ಹಾಕಲಿಕ್ಕೆ ನಾವೇನು ಉಪ್ಪಿನಕಾಯಿ ಹಾಕುತ್ತಾ ಇದ್ದೇವಾ ಎಂದು ಅಪ್ಪಿಯಕ್ಕ ಕೇಳಿದಳು. ಮೂರೇ ದಿನದಲ್ಲಿ ನಮ್ಮ ಮನೆಗೆ ಜನ ಬರುವುದು ನಿಂತಿತು. ಅಮ್ಮನನ್ನು ಬಾವಿಕಟ್ಟೆಯಲ್ಲಿ ಯಾರೂ ಮಾತಾಡಿಸಲಿಲ್ಲವಂತೆ. ನಾನು ಹುಟ್ಟಿದಂದಿನಿಂದ ಬಯಸಿದ್ದ ನಿಶ್ಶಬ್ದ ಮನೆಯೊಳಗೆ ಬಂದಿತ್ತು. ಅದರಲ್ಲಿ ಕೂತು ನಾನು ಚೊಂಬಿನಿಂದ ನೀರು ಎತ್ತಿ ಎತ್ತಿ ಹೊಯ್ಯುತ್ತಿದ್ದೆ. ಮೀನು ತಳದಲ್ಲಿ ಒರಗಿ ಮಲಗಿರುತ್ತಿತ್ತು. ಒಮ್ಮೊಮ್ಮೆ ಅದು ಸತ್ತಿದೆಯೋ, ಚಿಂತಿಸುತ್ತಿದೆಯೋ ಹೇಳಲಾಗುತ್ತಿರಲಿಲ್ಲ. ನನ್ನ ಬಗ್ಗೆಯೂ ಮನೆಯವರಿಗೆ ಎಷ್ಟೋ ಸಲ ಹಾಗನಿಸಿರಬೇಕು.

ಒಂದು ಸಂಜೆ, ಉಬ್ಬರಕ್ಕೆ ಮುಂಚೆ, ಸುಗಂಧಿಯ ಅಪ್ಪ ದೂಮಣ್ಣ ಬಂದರು. ಆಳುಗಳನ್ನು ಕಟ್ಟಿಕೊಂಡು ದೋಣಿ ನಡೆಸುವ ತಾಂಡೇಲನಾಗಿದ್ದವರು, ಸಮುದ್ರ ಮನೆಯೊಳಗೆ ಬಂದರೂ ಅವರ ದನಿ ಇನ್ನೂ ಅಲೆಯ ಮೇಲೆಯೇ ಇದೆ. ತವರಿನವರು ಚಿಟಿಕೆ ಲೆಕ್ಕದಲ್ಲಿ ಉಪ್ಪು ತರುವುದಿಲ್ಲ. ಅವರು ಹೆಗಲ ಮೇಲೆ ಒಂದು ಚೀಲವನ್ನೇ ಹೊತ್ತು ತಂದಿದ್ದರು. ಅದನ್ನು ಇಳಿಸಿ, ಟಬ್ಬಿನೊಳಗೆ ಬಗ್ಗಿ ನೋಡಿ, ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು.

"ಸಪ್ಪೆ," ಎಂದರು. ಆಮೇಲೆ ಅಮ್ಮನ ಕಡೆಗೆ, ಸುಗಂಧಿಯ ಕಡೆಗೆ, ಕೊನೆಗೆ ನನ್ನ ಕಡೆಗೆ ನೋಡಿದರು. "ಇದು ಸಾಯುವ ಮೀನಿಗೆ ಬಿಡುವ ನೀರು. ಯಾರು ಬಿಟ್ಟದ್ದು?"

ಸುಗಂಧಿ ನನ್ನ ಕಡೆ ತಿರುಗಿದಳು. ಅವಳು ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಈ ಸಂದರ್ಭಕ್ಕೆಂದು ನಾನು ಪೀಠಿಕೆಯಿಂದ ಹಿಡಿದು ಉಪಸಂಹಾರದವರೆಗೆ ಎಲ್ಲ ಮನಸ್ಸಿನಲ್ಲಿ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಅದರಲ್ಲಿ ಹೊರಗೆ ಬಂದದ್ದು ಒಂದೇ ವಾಕ್ಯ.

"ಮಾವ, ಉಪ್ಪು ನೀರಲ್ಲಿ ಕರಗುತ್ತದೆ."

"ಇದನ್ನು ಹೇಳ್ಲಿಕ್ಕೆ ನೀವು ಅಷ್ಟು ಓದ್ಬೇಕಿತ್ತಾ?" ಎಂದರು ದೂಮಣ್ಣ.

ಅವರು ಚೀಲದ ಬಾಯಿ ಬಿಚ್ಚಿ ಬೊಗಸೆ ತುಂಬಿದರು. ಮುಂದೆ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಟಬ್ಬಿನ ಮೇಲೆ ಅಡ್ಡಬಿದ್ದು ಎರಡೂ ಕೈಯಿಂದ ಅದನ್ನು ತಬ್ಬಿಕೊಂಡೆ. ಅದೇ ಹೊತ್ತಿಗೆ ಉಬ್ಬರ ಬಂತು. ಟಬ್ಬು ಸಣ್ಣದು, ನೀರು ಅಂಚು ದಾಟಿ ನನ್ನ ಅಂಗಿಯೊಳಗೆ ಏರಿತು; ಮೀನು ಎದೆಯ ಹತ್ತಿರ ಒಮ್ಮೆ ಒದ್ದಾಡಿತು. ಆ ಅವಸ್ಥೆಯಲ್ಲಿ ನನಗೆ ಮಾತು ಬಂತು. ಹುಳ, ಗಂಟು, ತಳ, ಗಂಜಿ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದೆ. ಪಂಡಿತರ ಹೆಸರೊಂದನ್ನು ಬಿಟ್ಟೆ. ನಡುವೆ ಸುಗಂಧಿ ಕೊಡಪಾನ ತಿಕ್ಕಿದ್ದನ್ನೂ, ಅವಳು ಹೋದರೆ ಮೀನು ಸಿಗುವುದಿಲ್ಲವೆಂದು ನನಗೆ ಹೆದರಿಕೆಯಿರುವುದನ್ನೂ ಹೇಳಿಬಿಟ್ಟೆನಂತೆ. ಇದು ನನಗೆ ನೆನಪಿಲ್ಲ, ಆಮೇಲೆ ಅಮ್ಮ ಹೇಳಿದ್ದು. ನನಗೆ ನೆನಪಿರುವುದು ಮೂಗಿನೊಳಗೆ ನೀರು ಹೋಗಿ ಬಂದ ಸೀನು ಮಾತ್ರ.

ದೂಮಣ್ಣ ಬೊಗಸೆಯ ಉಪ್ಪನ್ನು ಚೀಲಕ್ಕೆ ಸುರಿದರು. "ಹಾಗಾದ್ರೆ ನಮ್ಮ ಉಪ್ಪು ಈ ಮನೆಗೆ ಬೇಡ," ಎಂದರು. ಅವರ ದನಿ ಈಗ ತಗ್ಗಿತ್ತು, ಅದೇ ಹೆಚ್ಚು ಹೆದರಿಸಿತು. "ಸುಗಂಧೀ, ಹೊರಡು ಮಗಾ."

ಸುಗಂಧಿ ಒಳಗೆ ಹೋದಳು. ಪಾತ್ರೆಯ ಸದ್ದಾಯಿತು. ಕೊಡಪಾನ ತೆಗೆದಳು ಎಂದುಕೊಂಡೆ. ಅವಳು ಹೊರಗೆ ಬಂದಾಗ ಕೈಯಲ್ಲಿದ್ದದ್ದು ಲೋಟ.

"ಏಳಿ," ಎಂದಳು ನನಗೆ. "ಹಾಗೆ ಬಿದ್ದರೆ ಅದಕ್ಕೆ ಉಸಿರು ಕಟ್ತದೆ."

ನಾನು ಎದ್ದೆ. ಅಪ್ಪನ ಕಣ್ಣೆದುರೇ ಅವಳು ಸಂಜೆಯ ಲೋಟ ಸಿಹಿನೀರನ್ನು ಟಬ್ಬಿನ ಅಂಚಿನಿಂದ ಎಳೆಎಳೆಯಾಗಿ ಬಿಟ್ಟಳು. ಅಮ್ಮ ಕಣ್ಣು ಮುಚ್ಚಿಕೊಂಡಳು. ಲೋಟ ಖಾಲಿಯಾದ ಮೇಲೆ ಸುಗಂಧಿ ಬಗ್ಗಿ ಆ ಚೀಲವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ನಿಮ್ಮ ಉಪ್ಪು ಅಡುಗೆಗೆ ಇಟ್ಕೊಳ್ತೇನೆ ಅಪ್ಪ," ಎಂದಳು. "ಮೀನು ಸತ್ರೆ ನಾನೇ ಬರ್ತೇನೆ. ಕರೀಲಿಕ್ಕೆ ಬರುವುದು ಬೇಡ."

ದೂಮಣ್ಣ ಚಹಾ ಕುಡಿಯದೆ ಹೋದರು. ನಾನು ಗೆದ್ದೆನೆಂದು ತಿಳಿದು ಒದ್ದೆ ಅಂಗಿಯಲ್ಲೇ ಹಲ್ಲು ಬಿಟ್ಟೆ. ಸುಗಂಧಿ ನನ್ನ ಕಡೆ ನೋಡಲಿಲ್ಲ. ಅವಳ ಅಪ್ಪ ಅವಳ ಮನೆಯಿಂದ ಬಾಯಿಗೆ ಒಂದು ಹನಿ ನೀರೂ ಹಾಕದೆ ಹೋಗಿದ್ದರು, ಅದು ನನ್ನಿಂದ. ಅಂದಿನಿಂದ ಅವಳು ನನ್ನೊಡನೆ ಮಾತು ನಿಲ್ಲಿಸಿದಳು.

ಮೌನದ ಬಗ್ಗೆ ನಾನು ಕಾಲೇಜಿನಲ್ಲಿ ಒಂದು ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡಿದ್ದೇನೆ. ಅದರಲ್ಲಿ ಮೌನಕ್ಕೆ ಹಲವು ಬಗೆಗಳಿವೆಯೆಂದು ವಿವರಿಸಿದ್ದೆ. ಈ ಬಗೆ ಅದರಲ್ಲಿ ಇರಲಿಲ್ಲ. ಅವಳು ಬಡಿಸುತ್ತಿದ್ದಳು, ಅಂಗಿ ಒಗೆದು ಮಡಿಸಿ ಇಡುತ್ತಿದ್ದಳು, ಬೆಳಿಗ್ಗೆಯೂ ಸಂಜೆಯೂ ಲೋಟದ ನೀರು ಅಳೆದು ಬಿಡುತ್ತಿದ್ದಳು. ಕಿಟಕಿಯ ಕಡೆ ಮಾತ್ರ ನೋಡುತ್ತಿದ್ದಳು. ಅದರಲ್ಲಿ ಯಾವ ಆಳವೂ ಇರಲಿಲ್ಲ; ಅಲ್ಲಿ ನಾನಿರಲಿಲ್ಲ, ಅಷ್ಟೇ. ನಾನು ವಾಚನಾಲಯದಿಂದ ಬರುವ ದಾರಿಯುದ್ದಕ್ಕೂ ವಿಷಯಗಳನ್ನು ಹೆಕ್ಕಿಕೊಂಡು ಬರತೊಡಗಿದೆ. ಪೋಸ್ಟಿನವನ ಸೈಕಲ್ಲಿಗೆ ಹೊಸ ಬೆಲ್ಲು ಬಂದದ್ದು, ಅಪ್ಪಿಯಕ್ಕನ ಕೋಳಿ ನಮ್ಮ ದೋಣಿಯ ಅಡಿಯಲ್ಲಿ ಮೊಟ್ಟೆಯಿಟ್ಟದ್ದು, ಬೆಂಡೆಕಾಯಿ ಬಲಿತದ್ದು, ಎಲ್ಲ ಹೇಳಿದೆ. ಅವಳು ಹೂಂ ಎನ್ನಲಿಲ್ಲ. ಬೇರೆ ದಾರಿಯಿಲ್ಲದೆ ಉಳಿದದ್ದನ್ನು ಟಬ್ಬಿನ ಹತ್ತಿರ ಕೂತು ಮೀನಿಗೆ ಹೇಳಿ ಮುಗಿಸುತ್ತಿದ್ದೆ. ಅಮ್ಮ ಅದನ್ನು ಬಾಗಿಲ ಸಂದಿಯಿಂದ ನೋಡಿ, ಇವನಿಗೂ ಏನೋ ಹತ್ತಿರಬೇಕು ಎಂದು ಪಂಡಿತರನ್ನು ಕೇಳಿದಳಂತೆ.

ಮೀನಿನ ಮೈಮೇಲಿನ ಬಿಳಿಗಂಟುಗಳು ಒಂದೊಂದಾಗಿ ಕಡಿಮೆಯಾದವು. ರೆಕ್ಕೆಯಂಚು ಹರಿದ ಹಾಗಿತ್ತು, ಪಟ್ಟೆಗಳು ಮಾಸಿದ್ದವು, ಆದರೆ ಕಿವಿರಿನ ಬಡಿತ ನಿಧಾನಕ್ಕೆ ಬಂದಿತ್ತು. ಒಂದು ರವಿವಾರ ಬೆಳಿಗ್ಗೆ ನಾನು ಬೆಂಡೆಕಾಯಿಯ ವಿಚಾರವನ್ನೇ ಮುಂದುವರಿಸುತ್ತಾ ಸಿಗಡಿಯ ಚೂರೊಂದನ್ನು ನೀರಿಗೆ ಬಿಟ್ಟೆ. ಮೀನು ತಳದಿಂದ ಎದ್ದಿತು, ಚೂರಿನ ಸುತ್ತ ಒಮ್ಮೆ ತಿರುಗಿತು, ನನ್ನನ್ನು ನೋಡಿತು, ಗುಳುಂ ಎಂದು ನುಂಗಿತು.

ಅಡುಗೆಮನೆಗೆ ಹೇಗೆ ತಲುಪಿದೆನೋ ತಿಳಿಯದು. ಸುಗಂಧಿ ಒಲೆಯ ಎದುರು ನಿಂತಿದ್ದಳು. "ತಿಂತು," ಎಂದೆ. ಅವಳ ಕೈಯಲ್ಲಿದ್ದ ಸೌಟು ನಿಂತಿತು. ಅವಳು ತಿರುಗಲಿಲ್ಲ. ನಾನು ಇನ್ನೊಮ್ಮೆ ಹೇಳಿದೆ.

"ಎಷ್ಟು?" ಎಂದಳು, ಒಲೆಗೆ ಹೇಳುವಂತೆ.

ನಾನು ಶುರುಮಾಡಿದೆ. ಚೂರಿನ ಗಾತ್ರವನ್ನು ಉಗುರು ತೋರಿಸಿ ಹೇಳಿದೆ. ಮೀನು ಎಡದಿಂದ ಬಂದದ್ದನ್ನು, ಮೊದಲು ಅನುಮಾನಪಟ್ಟದ್ದನ್ನು, ಬಾಲ ತಿರುಗಿಸಿದ್ದನ್ನು ಹೇಳಿದೆ. ಮಾವನಲ್ಲಿಗೆ ನಾನೇ ಹೋಗಿ ಕಾಲಿಗೆ ಬಿದ್ದು ಕರೆತರುತ್ತೇನೆ, ಬರುವಾಗ ದಾರಿಯಲ್ಲಿ ಅವರಿಗೆ ಹುಳದ ವಿಚಾರ ಸರಿಯಾಗಿ ಅರ್ಥಮಾಡಿಸುತ್ತೇನೆ ಎಂದೆ. ಎರಡನೆಯ ಚೂರು ಕೊಡಬೇಕೋ ಬೇಡವೋ, ಕೊಟ್ಟರೆ ಎಷ್ಟು ಹೊತ್ತು ಬಿಟ್ಟು ಎಂಬುದರ ಮೇಲೆ ನನ್ನ ಅಭಿಪ್ರಾಯ ಹೇಳುತ್ತಿದ್ದಾಗ ಅವಳು ನನ್ನ ಕಡೆ ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ಹುಬ್ಬು ಗಂಟಿಕ್ಕಿತ್ತು.

"ಸ್ವಲ್ಪ ಸುಮ್ಮನಿರಿ ಮಾರಾಯ್ರೆ," ಎಂದಳು. "ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಲೆಕ್ಕ ತಪ್ಪಿ ಹೋಯ್ತು."

"ಐದು," ಎಂದೆ ತಕ್ಷಣ. ನಾನು ಎಣಿಸಿರಲಿಲ್ಲ. ಅವಳು ನನ್ನ ಮಾತು ನಂಬಿ ಒಲೆ ಆರಿಸಿದಳು, ಅವತ್ತು ಮೂವರೂ ಅರೆಬೆಂದ ಅನ್ನ ಉಂಡೆವು.